ಬಿಳಿ ಬಣ್ಣದ ಕೆಳಗಿನ ಹೆಸರು

ಅರಸೀಕೆರೆಯಲ್ಲಿ ನಾಗಭೂಷಣ ಎಂಬುವನು ಕನ್ನಡಕದ ಅಂಗಡಿ ಇಟ್ಟುಕೊಂಡಿದ್ದ. ಊರವರ ಕಣ್ಣಿನ ದೋಷವನ್ನೆಲ್ಲ ಸರಿಮಾಡುವ ಈ ಮಹಾಶಯನಿಗೆ ತನ್ನ ಅಂಗಳದಲ್ಲಿ ನಿಂತದ್ದೇ ಸರಿಯಾಗಿ ಕಾಣಲಿಲ್ಲ. ಆ ಕಥೆ ಇದು.

ಅಂಗಳದಲ್ಲಿ ನಿಂತದ್ದು ಒಂದು ಹಳೆಯ ವ್ಯಾನು. ಒಂದು ಕಾಲಕ್ಕೆ ಶಾಲೆಯ ಮಕ್ಕಳನ್ನು ಹೊತ್ತು ತಿರುಗಿದ್ದ ಗಾಡಿ. ಅದರ ಸೀಟುಗಳನ್ನು ಕಿತ್ತು, ಒಳಗೆ ಹಲಗೆಯ ಮಂಚ, ಒಲೆ ಇಡಲು ಪುಟ್ಟ ಕಟ್ಟೆ, ನೀರಿನ ಕ್ಯಾನು ಎಲ್ಲವನ್ನೂ ಜೋಡಿಸಿದವರು ನಾಗಭೂಷಣ ಮತ್ತು ಅವನ ಹೆಂಡತಿ ಕುಮುದ. ಕುಮುದ ತನ್ನ ಹಳೇ ಸೀರೆ ಕತ್ತರಿಸಿ ಕಿಟಕಿಗೆ ಪರದೆ ಹೊಲಿದಿದ್ದಳು. ರಜೆ ಬಂತೆಂದರೆ ಮಗಳು ಸಿಂಚನಳನ್ನು ಕೂರಿಸಿಕೊಂಡು ಹೊರಟೇಬಿಡುತ್ತಿದ್ದರು. ಹೊತ್ತು ಮುಳುಗಿದಲ್ಲಿ ಗಾಡಿ ನಿಲ್ಲಿಸಿ, ಅಲ್ಲೇ ಅನ್ನ ಸಾರು ಮಾಡಿ ಉಂಡು, ಅಲ್ಲೇ ಮಲಗುತ್ತಿದ್ದರು. ಗಾಡಿಯ ಎಡಮಗ್ಗುಲಿಗೆ, ಬೋರ್ಡು ಬರೆಯುವವನನ್ನು ಕರೆಸಿ, ದಪ್ಪ ಕೆಂಪು ಅಕ್ಷರದಲ್ಲಿ ‘ಕುಮುದ’ ಎಂದು ಬರೆಸಿದ್ದ ನಾಗಭೂಷಣ.

ಆಮೇಲೆ ಒಂದು ಮಳೆಗಾಲ ಕುಮುದ ಜ್ವರ ಬಂದು ತೀರಿಕೊಂಡಳು. ವ್ಯಾನು ಅಂಗಳದಲ್ಲೇ ಧೂಳು ಕುಡಿಯುತ್ತ ನಿಂತಿತು. ಕೆಲವು ವರ್ಷ ಕಳೆದ ಮೇಲೆ ಕಡೂರಿನ ಶಶಿರೇಖಳ ಜೊತೆ ನಾಗಭೂಷಣನಿಗೆ ದೇವಸ್ಥಾನದಲ್ಲಿ ಸರಳವಾಗಿ ಮದುವೆಯಾಯಿತು. ಬರುವ ಶುಕ್ರವಾರ ಅವಳನ್ನು ಮನೆ ತುಂಬಿಸಿಕೊಳ್ಳುವುದು, ಮರುದಿನ ಮೂವರೂ ವ್ಯಾನಿನಲ್ಲಿ ಊರೂರು ಸುತ್ತಿ ಬರುವುದು ಎಂದು ಮಾತಾಗಿತ್ತು.

ಅವರ ಕಡೆ ಒಂದು ಪದ್ಧತಿ ಇದೆ. ಎರಡನೆಯವಳು ಹೊಸಿಲು ದಾಟುವ ಮುಂಚೆ, ಮುತ್ತೈದೆಯಾಗಿ ಹೋದ ಮೊದಲನೆಯವಳ ಹೆಸರಿನಲ್ಲಿ ಸೀರೆ, ಬಳೆ, ಅರಿಶಿನ ಕುಂಕುಮ ಇಟ್ಟು ಎಡೆ ಹಾಕಬೇಕು. ಆ ಸೀರೆಯನ್ನೇ ಉಟ್ಟು ಹೊಸಬಳು ಒಳಗೆ ಬರಬೇಕು. ನಾಗಭೂಷಣ ಅದೆಲ್ಲ ಬೇಡವೆಂದ. ಹೋದವಳ ಹೆಸರೆತ್ತಿದರೆ ಬರುವವಳ ಮನಸ್ಸು ಮುರಿದೀತು ಎಂದು ಅವನ ಭಯ. ಕೆಟ್ಟ ಮನುಷ್ಯನಲ್ಲ ಪಾಪ, ಒಳ್ಳೆಯದನ್ನೇ ಮಾಡಲು ಹೊರಟಿದ್ದ. ಗೋಡೆಯ ಮೇಲಿನ ಫೋಟೋ ಇಳಿಸಿ ಟ್ರಂಕಿಗೆ ಹಾಕಿದ. ವ್ಯಾನಿನ ಪರದೆ ಬಿಚ್ಚಿದ. ಹೊಸ ಅಮ್ಮನ ಮುಂದೆ ಹಳೆಯ ಮಾತು ತೆಗೆಯಬೇಡ ಎಂದು ಮಗಳಿಗೂ ತಾಕೀತು ಮಾಡಿದ.

ಸಿಂಚನ ಹಳೆಯ ಮಾತನ್ನು ಬಿಟ್ಟಳು. ಜೊತೆಗೆ ಉಳಿದ ಮಾತನ್ನೂ ಬಿಟ್ಟಳು. ಬಡಿಸಿದ್ದನ್ನು ತಿನ್ನುವಳು, ಶಾಲೆಗೆ ಹೋಗುವಳು, ಬಂದು ವ್ಯಾನಿನ ಎದುರು ಕೂರುವಳು. ಕರೆದರೆ ತಿರುಗಿ ನೋಡುವಳು, ಅಷ್ಟೇ. ಮಗುವಿನ ದನಿ ಇಲ್ಲದ ಮನೆಯಲ್ಲಿ ನಾಗಭೂಷಣ ಅರ್ಧ ಊಟಕ್ಕೇ ಎದ್ದುಬಿಡುತ್ತಿದ್ದ. ಹೊಸ ಅಮ್ಮ ಬಂದರೆ ಎಲ್ಲ ಸರಿಹೋಗುತ್ತದೆ ಎಂದು ತನಗೆ ತಾನೇ ಹೇಳಿಕೊಂಡ.

ಇನ್ನು ಉಳಿದದ್ದು ಗಾಡಿಯ ಮೇಲಿನ ಹೆಸರು. ಬಣ್ಣದಂಗಡಿಯಿಂದ ಬಿಳಿ ಪೇಂಟು, ಒಂದು ರೋಲರು, ಅದನ್ನು ಅದ್ದುವ ತಟ್ಟೆ ತಂದ. ಕಿಟಕಿಯ ಗಾಜಿಗೆ ಹಳೇ ಪೇಪರು ಅಂಟಿಸಿದ. ಮೊದಲು ಹಳೆಯ ಬಣ್ಣ ಕೆರೆದು ತೆಗೆಯಬೇಕೆಂದು ಅಂಗಡಿಯವರು ಹೇಳಿದ್ದರು. ಅದಕ್ಕೆಲ್ಲ ಇವನಿಗೆ ಪುರುಸೊತ್ತೆಲ್ಲಿ? ಮೇಲಿಂದ ಕೆಳಕ್ಕೆ, ಕೆಳಗಿಂದ ಮೇಲಕ್ಕೆ ರೋಲರು ಉರುಳಿಸಿದ. ನೋಡನೋಡುತ್ತಿದ್ದಂತೆ ಹೆಸರು ಮುಚ್ಚಿಹೋಯಿತು.

ಬೆಳಗ್ಗೆ ಎದ್ದು ನೋಡಿದರೆ ಬಿಳಿಯ ಒಳಗಿಂದ ನಸುಗೆಂಪು ಗೆರೆಗಳು ಮೂಡಿದ್ದವು. ಇನ್ನೊಂದು ಕೋಟು ಹೊಡೆದ. ಮಾರನೆಯ ದಿನ ಅಕ್ಷರಗಳು ಓದುವಷ್ಟು ಸ್ಪಷ್ಟವಾಗಿದ್ದವು. ಬಣ್ಣದಂಗಡಿಗೆ ಓಡಿದ. ಕೆಂಪಿನ ಮೇಲೆ ಬಿಳಿ ಹೊಡೆದರೆ ಹಾಗೇ ಆಗುವುದು, ಎದ್ದು ಬಂದೇ ಬರುತ್ತದೆ ಎಂದು ಅಲ್ಲಿಯವರು ನಕ್ಕರು. ನಾಗಭೂಷಣನಿಗೆ ಹೋದ ಜೀವ ಬಂದಂತಾಯಿತು. ಎಮರಿ ಪೇಪರು ಹಿಡಿದು, ತಗಡು ಹೊಳೆಯುವ ತನಕ ಎಡಮಗ್ಗುಲನ್ನು ಉಜ್ಜಿದ. ಪ್ರೈಮರ್ ಬಳಿದು, ಅದು ಒಣಗಿದ ಮೇಲೆ ಇಡೀ ಗಾಡಿಗೆ ಮತ್ತೆ ಬಿಳಿ ಹೊಡೆದ.

ಗುರುವಾರ ಬೆಳಗ್ಗೆ ಎಡಮಗ್ಗುಲು ಹಾಲಿನಂತೆ ಬೆಳ್ಳಗಿತ್ತು. ಉಸ್ಸಪ್ಪಾ ಎಂದು ಗಾಡಿಯನ್ನು ಸುತ್ತು ಹಾಕಿ ಬಲಮಗ್ಗುಲಿಗೆ ಬಂದವನು ನಿಂತಲ್ಲೇ ನಿಂತ.

ಹೆಸರು ಅಲ್ಲಿತ್ತು. ಆ ಮಗ್ಗುಲಿಗೆ ಯಾರೂ ಯಾವತ್ತೂ ಏನನ್ನೂ ಬರೆಸಿರಲಿಲ್ಲ. ಇವು ಬೋರ್ಡು ಬರೆಯುವವನ ದಪ್ಪ ಅಕ್ಷರಗಳೂ ಅಲ್ಲ. ಕೆಂಪಗೆ, ಸಣ್ಣಗೆ, ಸ್ವಲ್ಪ ಬಲಕ್ಕೆ ವಾಲಿಕೊಂಡು, ಕೊನೆಯ ಅಕ್ಷರದ ಬಾಲ ಉದ್ದಕ್ಕೆ ಎಳೆದು ಬರೆದಿತ್ತು. ಮಸಾಲೆ ಡಬ್ಬಿಗಳ ಮೇಲೆ ಕುಮುದ ಹಾಗೆ ಬರೆಯುತ್ತಿದ್ದಳು.

ಮೊದಲು ಅವನ ಗುಮಾನಿ ಹೋದದ್ದು ಮಗಳ ಮೇಲೆ. ಸಿಂಚನಳ ಕೈ ಹಿಡಿದು ಉಗುರು ಉಗುರನ್ನೂ ನೋಡಿದ. ಎಲ್ಲೂ ಕೆಂಪಿಲ್ಲ. ಮಗು ಕೈ ಬಿಡಿಸಿಕೊಳ್ಳದೆ ಅಪ್ಪನ ಮುಖವನ್ನೇ ನೋಡುತ್ತಿತ್ತು. ಅವನಿಗೆ ನಾಚಿಕೆಯಾಯಿತು. ನಾಚಿಕೆಗಿಂತ ಭಯ ಹೆಚ್ಚಾಯಿತು. ರೋಲರು ಎತ್ತಿಕೊಂಡು, ಬಲಮಗ್ಗುಲಿಗೆ ದಪ್ಪಗೆ ಬಣ್ಣ ಹೊಡೆದು, ಮುಂದೆ ಸ್ಟೂಲು ಹಾಕಿಕೊಂಡು ಕೂತ. ಹಾಡುಹಗಲು, ತಲೆ ಸುಡುವ ಬಿಸಿಲು. ಬೀದಿಯಲ್ಲಿ ತರಕಾರಿ ಗಾಡಿಯವನು ಕೂಗುತ್ತಿದ್ದಾನೆ. ಹಸಿ ಬಣ್ಣದ ಮೇಲೆ ಮೊದಲ ಗೆರೆ ನಿಧಾನವಾಗಿ ಒಳಗಿಂದ ಎದ್ದಿತು, ಯಾರೋ ಆ ಕಡೆಯಿಂದ ಬೆರಳಲ್ಲಿ ಬರೆಯುತ್ತಿದ್ದ ಹಾಗೆ. ಅವನು ಅದರ ಮೇಲೆ ರೋಲರು ಆಡಿಸಿದ. ಗೆರೆ ರೋಲರಿನ ಹಿಂದೆಯೇ ಬಂತು. ಮತ್ತೆ ಆಡಿಸಿದ, ಮತ್ತೆ ಬಂತು.

ಆಗಲೇ ಗೇಟು ಸದ್ದಾಯಿತು. ಶಶಿರೇಖ ಬಂದಿದ್ದಳು. ಶುಕ್ರವಾರದ ಗಡಿಬಿಡಿಗೆ ಮುಂಚೆ ಮಗುವಿನ ಜೊತೆ ಒಂದು ದಿನ ಕಳೆಯೋಣವೆಂದು ಬೆಳಗಿನ ರೈಲು ಹಿಡಿದಿದ್ದಳು. ನಾಗಭೂಷಣ ಬೆನ್ನು ಅಡ್ಡ ಕೊಟ್ಟು ಹೆಸರನ್ನು ಮರೆಮಾಡಲು ನೋಡಿದ. ಬಣ್ಣ ಸರಿಯಿಲ್ಲ, ಕಳಪೆ ಮಾಲು ಎಂದೆಲ್ಲ ತಡವರಿಸಿದ. ಅಂಗಿಯ ಬೆನ್ನಿಗೆಲ್ಲ ಪೇಂಟು ಮೆತ್ತಿಕೊಂಡಿತು, ಅಷ್ಟೇ ಲಾಭ.

ಶಶಿರೇಖ ಅವನನ್ನು ದಾಟಿ ಬಂದಳು. ಶಾಲೆಗೆ ಹೋಗದೆ ಗಾಡಿಯ ಎದುರು ಕೂತಿದ್ದ ಮಗುವಿನ ಪಕ್ಕ ಕುಕ್ಕರಗಾಲಲ್ಲಿ ಕೂತು, “ಯಾರ ಹೆಸರು ಪುಟ್ಟಿ ಅದು?” ಎಂದು ಕೇಳಿದಳು.

ಸಿಂಚನ ಅಪ್ಪನನ್ನು ನೋಡಿದಳು. ಅವನು ತಲೆ ತಗ್ಗಿಸಿದ.

“ನಮ್ಮಮ್ಮಂದು,” ಎಂದಿತು ಮಗು. ಎಷ್ಟೋ ದಿನದ ಮೇಲೆ ಆಡಿದ ಮೊದಲ ಮಾತು, ಗಂಟಲು ಒರಟಾಗಿತ್ತು.

ಶಶಿರೇಖ ಎದ್ದು ಚೀಲ ಬಿಚ್ಚಿದಳು. ಒಳಗೆ ಒಂದು ಹಸಿರು ಸೀರೆ, ಬಳೆ, ಅರಿಶಿನ ಕುಂಕುಮದ ಪೊಟ್ಟಣ. ಎಡೆಗೆಂದು ಮದುವೆ ಗೊತ್ತಾದಾಗಲೇ ತೆಗೆದಿಟ್ಟಿದ್ದಳಂತೆ. ಇವರು ಕೇಳಲಿ ಎಂದು ಕಾದದ್ದೇ ಬಂತು. “ನೀವು ಯಾಕೆ ಕೇಳ್ಲಿಲ್ಲ? ಈ ಮನೇಲಿ ಒಬ್ರು ಬಾಳಿ ಹೋಗಿದಾರೆ ಅಂತ ಗೊತ್ತಿದ್ದೇ ಒಪ್ಕೊಂಡೋಳು ನಾನು,” ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ನಾಗಭೂಷಣನಿಗೆ ಹೆಚ್ಚು ಚುಚ್ಚಿತು.

ಗಾಡಿಯ ಪಕ್ಕ, ಹೆಸರಿನ ನೇರಕ್ಕೆ ಮಣೆ ಇಟ್ಟು, ಅದರ ಮೇಲೆ ಸೀರೆ, ಬಳೆ ಇರಿಸಿದಳು. ಅಕ್ಷರಗಳ ನೆತ್ತಿಯ ಮೇಲೆ, ಹಸಿ ಬಣ್ಣಕ್ಕೇ, ಬೆರಳಿನಿಂದ ಕುಂಕುಮ ಒತ್ತಿದಳು. ಕೈಮುಗಿದು, ಎದುರಿಗೆ ನಿಂತವರೊಡನೆ ಮಾತಾಡುವಂತೆ ಕೇಳಿದಳು.

“ಅಕ್ಕಾ, ನಿಮ್ಮನೆ ಬಾಗಿಲಿಗೆ ಬಂದಿದೀನಿ. ಒಳಗೆ ಬರ್ಲಾ?”

ತರಕಾರಿಯವನ ಕೂಗು ನಿಂತಿತ್ತು. ಗಾಳಿ ಕೂಡ ಇರಲಿಲ್ಲ. ನಾಗಭೂಷಣನಿಗೆ ಏನೂ ಕೇಳಿಸಲಿಲ್ಲ. ಆದರೆ ಸಿಂಚನ ಕತ್ತು ಓರೆ ಮಾಡಿ ಸ್ವಲ್ಪ ಹೊತ್ತು ಆಲಿಸಿದಳು. ಆಮೇಲೆ ಶಶಿರೇಖಳ ಕೈ ಹಿಡಿದುಕೊಂಡು ಹೇಳಿದಳು:

“ಬಾ ಅಂತಿದಾಳೆ ಅಮ್ಮ.”

ನಾಗಭೂಷಣ ಅಲ್ಲೇ ನೆಲಕ್ಕೆ ಕೂತು ಅತ್ತ. ಕುಮುದ ಹೋದಾಗಲೂ ಅವನು ಅಷ್ಟು ಅತ್ತಿರಲಿಲ್ಲ. ಮುಖ ಒರೆಸಿಕೊಂಡು ತಲೆ ಎತ್ತುವಾಗ ಬಲಮಗ್ಗುಲಿನ ಅಕ್ಷರಗಳು ಮಾಸುತ್ತ ಮಾಸುತ್ತ ಬಿಳಿಯೊಳಗೆ ಹಿಂದೆ ಸರಿದವು.

ಮರುದಿನ ಶಶಿರೇಖ ಹಸಿರು ಸೀರೆ ಉಟ್ಟು ಸೇರು ಒದ್ದು ಒಳಗೆ ಬಂದಳು. ಫೋಟೋ ಗೋಡೆಗೆ ಮರಳಿತು, ಪರದೆ ಕಿಟಕಿಗೆ ಮರಳಿತು. ಎಡಮಗ್ಗುಲಿನಲ್ಲಿ ಮೊದಲಿದ್ದ ಜಾಗದಲ್ಲೇ ನಾಗಭೂಷಣ ತನ್ನ ಕೈಯಾರೆ ಕೆಂಪಿನಲ್ಲಿ ಹೆಸರು ಬರೆದ. ಅಕ್ಷರ ಸೊಟ್ಟಗಾಯಿತೆಂದು ಸಿಂಚನ ಶನಿವಾರದ ಪ್ರವಾಸದ ದಾರಿಯುದ್ದಕ್ಕೂ ಅಪ್ಪನನ್ನು ಗೋಳು ಹೊಯ್ದುಕೊಂಡಳು. ಬಲಮಗ್ಗುಲಿಗೆ ಮತ್ತೆಂದೂ ಏನೂ ಮೂಡಲಿಲ್ಲ. ಒಣಗಿದ ಬಣ್ಣದಲ್ಲಿ ಕುಂಕುಮದ ಬೊಟ್ಟೊಂದು ಮಾತ್ರ ಉಳಿದಿದೆ, ಎಷ್ಟು ತೊಳೆದರೂ ಹೋಗುವುದಿಲ್ಲ. ಈಗ ಅದನ್ನು ಯಾರೂ ತೊಳೆಯುವುದೂ ಇಲ್ಲ.

ನೀತಿ: ಹೋದವರ ಹೆಸರನ್ನು ಅಳಿಸಿ ಬರುವವರಿಗೆ ಜಾಗ ಮಾಡಲಾಗದು. ಹೋದವರಿಗೆ ಅವರ ಜಾಗ ಬಿಟ್ಟುಕೊಟ್ಟ ಮನೆಯಲ್ಲೇ ಬಂದವರಿಗೂ ಜಾಗವಿರುತ್ತದೆ.