ಉಜ್ಜಿ ತೊಳೆದ ಗಡಿಗೆ

"ಬುದ್ಧಿ, ಕ್ಯಾನ್ಸರ್ ರೋಗಿಗಳನ್ನು ಪೇಟೆಯ ಖಾಸಗಿ ಆಸ್ಪತ್ರೆಗೆ ಕಳಿಸುವುದನ್ನು ನಿಲ್ಲಿಸಿಬಿಡಲೇ?" ಎಂದು ನಿಜಗುಣ ಗುರುಗಳನ್ನು ಕೇಳಿದ.

ಮಠದ ಧರ್ಮಾಸ್ಪತ್ರೆಯ ಹೊಣೆ ಅವನದು. ಗಡ್ಡೆಗೆ ಕರೆಂಟು, ಅಂದರೆ ವಿಕಿರಣ, ಕೊಡುವ ಯಂತ್ರವನ್ನು ಭಕ್ತರು ಕೊಡಿಸಿದ್ದರು. ನಡೆಸಬಲ್ಲವರಿಲ್ಲದೆ ಅದು ವರ್ಷದಿಂದ ಮುಸುಕು ಹೊದ್ದು ಮಲಗಿತ್ತು. ಹಾಗಾಗಿ ರೋಗಿಗಳು ಪೇಟೆಗೆ ಹೋಗುತ್ತಿದ್ದರು, ಮಠ ಮೂರರಷ್ಟು ದುಡ್ಡು ತೆರುತ್ತಿತ್ತು. ಅದನ್ನು ನೋಡಿ ನಿಜಗುಣನ ಹೊಟ್ಟೆ ಉರಿಯುತ್ತಿತ್ತು. ಈಗ ಅವನ ಕೈಯಲ್ಲಿ ದೊಡ್ಡತಾಯಮ್ಮ ಎಂಬ ಮುದುಕಿಯನ್ನು ಪೇಟೆಗೆ ಕಳಿಸುವ ಚೀಟಿ ಸಹಿಯಾಗದೆ ಉಳಿದಿತ್ತು. ಅವಳ ಗಡ್ಡೆಗೆ ಚಿಕಿತ್ಸೆ ತಡವಾಗಕೂಡದೆಂದು ವೈದ್ಯರು ಹೇಳಿದ್ದರು. ಅದನ್ನು ನೆನೆದರೆ ಅವನಿಗೆ ಸಂಕಟವೂ ಆಗುತ್ತಿತ್ತು.

ಗುರುಗಳು ನಕ್ಕು ಒಂದು ಕತೆ ಹೇಳಿದರು.

ಒಬ್ಬ ರೈತ. ಬೇಸಗೆ ಬಂತೆಂದರೆ ದಾರಿ ಬದಿಯಲ್ಲಿ ಅರವಟ್ಟಿಗೆ ಹಾಕಿ ಹೋಗಿಬರುವವರಿಗೆಲ್ಲ ಪುಕ್ಕಟೆ ಮಜ್ಜಿಗೆ ಕೊಡುತ್ತಿದ್ದ. ಕೊಟ್ಟಿಗೆಯಲ್ಲಿ ನಾಲ್ಕು ಹಸು, ಹಾಲಿಗೆ ಬರವಿರಲಿಲ್ಲ. ಒಂದು ದಿನ ಬೆಕ್ಕು ನುಗ್ಗಿ ಮೊಸರನ್ನೆಲ್ಲ ಹೆಪ್ಪಿನ ಸಮೇತ ನೆಕ್ಕಿ ಹೋಯಿತು. ಊರಾಚೆಯ ಒಂಟಿ ಮನೆ, ಹೆಪ್ಪು ಕೇಳೋಣವೆಂದರೆ ನೆರೆಹೊರೆಯಿಲ್ಲ. ಹೆಪ್ಪಿಲ್ಲದೆ ಹಾಲು ಮೊಸರಾದೀತೇ? ರೈತ ಪೇಟೆಯ ಸಾಹುಕಾರನಿಂದ ದಿನಕ್ಕೊಂದು ಗಡಿಗೆ ಮೊಸರು ಕೊಳ್ಳತೊಡಗಿದ. ಸಾಹುಕಾರ ಮೂರರಷ್ಟು ಬೆಲೆ ಹೇಳಿದ. ಮನೆಯ ಹಾಲು ಕುಡಿದು ಕರುಗಳು ಕೊಬ್ಬಿದವು. ರೈತನಿಗೋ ಶುಚಿಯ ಹುಚ್ಚು. ಮಜ್ಜಿಗೆ ಮುಗಿದೊಡನೆ ಸಾಹುಕಾರನನ್ನು ಬೈಯುತ್ತ ಗಡಿಗೆಗೆ ಬೂದಿ ಹಾಕಿ ಉಜ್ಜಿ ಉಜ್ಜಿ ತೊಳೆಯುತ್ತಿದ್ದ.

ತಿಂಗಳಲ್ಲಿ ಗಂಟು ಕರಗಿತು. ಸಾಕಪ್ಪಾ ಈ ಪುಣ್ಯ ಎಂದು ಅವನು ಚಪ್ಪರ ಬಿಚ್ಚುತ್ತಿದ್ದಾಗ ಒಬ್ಬ ಮುದುಕಿ ಬಿಸಿಲಲ್ಲಿ ಬಂದು ಕುಸಿದು ಕೂತಳು, ಮಜ್ಜಿಗೆ ಕೇಳಿದಳು. ರೈತ ತನ್ನ ಗೋಳನ್ನೆಲ್ಲ ತೋಡಿಕೊಂಡ. ಆ ಬಾಯಾರಿಕೆಯಲ್ಲೂ ಮುದುಕಿಗೆ ನಗು ಬಂತು.

"ತಿಂಗಳು ಪೂರ್ತಿ ಮೊಸರು ತಂದಿದ್ದೀಯಲ್ಲ ಮಗಾ, ತಳದಲ್ಲಿ ಒಂದು ಚಮಚ ಉಳಿಸಬಾರದಾಗಿತ್ತಾ?" ಎಂದಳು.

ನಿಜಗುಣ ಬಿದ್ದು ಬಿದ್ದು ನಕ್ಕ. ಇಂಥ ಪೆದ್ದನೂ ಇರುತ್ತಾನೆಯೇ ಎನಿಸಿತು ಅವನಿಗೆ. ಕೈಯಲ್ಲಿದ್ದ ಚೀಟಿಯನ್ನು ಮಡಚುತ್ತ, ರೈತ ಅಂದಿಗೇ ಸಾಹುಕಾರನ ಸಹವಾಸ ಬಿಟ್ಟನಲ್ಲವೇ ಎಂದು ಕೇಳಿದ.

"ಬಿಡುವುದುಂಟೇ? ಹಾಲು ಹೆಪ್ಪುಗಟ್ಟಲು ಒಂದು ರಾತ್ರಿ ಬೇಕು, ಮುದುಕಿಯ ದಾಹ ಅಲ್ಲಿಯವರೆಗೆ ಕಾಯುತ್ತದೆಯೇ? ಪೇಟೆಗೆ ಓಡಿದ, ಕೇಳಿದಷ್ಟು ಕೊಟ್ಟು ಮೊಸರು ತಂದ, ಮೊದಲು ಅವಳಿಗೆ ಕುಡಿಸಿದ. ಅವತ್ತು ಮಾತ್ರ ಗಡಿಗೆ ತೊಳೆಯಲಿಲ್ಲ" ಎಂದರು ಗುರುಗಳು.

ನಿಜಗುಣ ಚೀಟಿ ಬಿಡಿಸಿ ಅಲ್ಲೇ ಸಹಿ ಹಾಕಿದ. ಮನಸ್ಸು ಹಗುರಾಯಿತು. ರೈತನನ್ನು ನೆನೆದು ಮತ್ತೊಮ್ಮೆ ನಗುತ್ತ, ನಮಸ್ಕರಿಸಿ ಎದ್ದ. ಬಾಗಿಲು ದಾಟುವಷ್ಟರಲ್ಲಿ ಗುರುಗಳು ಕರೆದು ಕೇಳಿದರು:

"ವರ್ಷವಿಡೀ ಅಷ್ಟು ರೋಗಿಗಳನ್ನು ಪೇಟೆಗೆ ಕಳಿಸಿದೆಯಲ್ಲ ನಿಜಗುಣ, ಯಂತ್ರ ನಡೆಸುವುದನ್ನು ಕಲಿತು ಬರಲೆಂದು ನಮ್ಮವರಲ್ಲಿ ಎಷ್ಟು ಮಂದಿಯನ್ನು ಕಳಿಸಿದೆ?"