ಹೊನ್ನಾಜಮ್ಮನ ಕೋಳಿ ಪುಕ್ಕ ಬಿಟ್ಟದ್ದು

ಈ ಕತೆಯನ್ನು ನನಗೆ ಮೊದಲು ಹೇಳಿದವರು ನಮ್ಮ ದೊಡ್ಡ ಸೋದರತ್ತೆ ಮಂಚಮ್ಮ. ಕಾರ್ತಿಕದ ಸೋಮವಾರಗಳಲ್ಲಿ ಮನೆಮಂದಿಯೆಲ್ಲ ಒಪ್ಪೊತ್ತು ಇರುತ್ತಿದ್ದೆವು. ಮಕ್ಕಳಿಗೆ ಹಸಿವು ಮರೆಯಲಿ ಎಂದು ಅತ್ತೆ ನಡುಮನೆಯ ಕಂಬಕ್ಕೆ ಒರಗಿ ಕೂತು ಹೇಳುತ್ತಿದ್ದರು. ನಾವು ಬಿದ್ದು ಬಿದ್ದು ನಗುತ್ತಿದ್ದೆವು. ಅತ್ತೆ ಮಾತ್ರ ನಗುತ್ತಿರಲಿಲ್ಲ. "ನಗಬ್ಯಾಡ್ರೋ, ಆ ಹೆತ್ತವಳ ಹೊಟ್ಟೆ ಎಷ್ಟು ಉರಿದಿತ್ತೋ" ಎನ್ನುತ್ತಿದ್ದರು. ಅವರು ಹೇಳಿದ ಹಾಗೇ ಹೇಳುತ್ತೇನೆ, ಕೇಳಿ.

ಒಂದೂರಲ್ಲಿ ಹೊನ್ನಾಜಮ್ಮ ಅಂತ ಒಬ್ಬಳು. ಗಂಡ ಶಿವನ ಪಾದ ಸೇರಿ ಬಹಳ ಕಾಲವಾಗಿತ್ತು. ಅವಳಿಗೊಬ್ಬ ಮಗ, ಮಾಯಿಗ. ಆಳೆತ್ತರ ಬೆಳೆದಿದ್ದ, ಎತ್ತಿನಷ್ಟು ಕಸುವಿತ್ತು. ಬುದ್ಧಿ ಹಂಚುವ ದಿವಸ ಮಾತ್ರ ದೇವರು ಅವನ ಮನೆ ದಾಟಿ ಮುಂದೆ ಹೋಗಿದ್ದ. ಹೇಳಿದ್ದನ್ನು ಮಾಡುವುದಿಲ್ಲ ಅನ್ನುವ ಹಾಗಿಲ್ಲ. ಹೇಳಿದ್ದನ್ನೇ ಮಾಡುತ್ತಿದ್ದ, ಅದೇ ಕಷ್ಟ.

ಮಾಯಿಗನ ತಂಗಿ ಚಿಕ್ಕತಾಯಿ ಚೊಚ್ಚಲ ಬಸುರಿ. ಗಂಡನ ಮನೆ ಮೂರು ಹರದಾರಿ ದೂರ. ಹೆರಿಗೆಗೆ ತವರಿಗೆ ಕರೆತರಬೇಕು. ಬಾಣಂತಿಗೆ ದಿನಾ ಒಂದು ಮೊಟ್ಟೆಯಾದರೂ ಬೇಕಲ್ಲ, ಅದಕ್ಕೆಂದೇ ಹೊನ್ನಾಜಮ್ಮ ನಾಲ್ಕು ಹ್ಯಾಟೆಕೋಳಿ ಸಾಕಿದ್ದಳು. ದೀಪಾವಳಿ ಕಳೆಯುತ್ತಲೇ ನಾಲ್ಕೂ ಮೊಟ್ಟೆ ನಿಲ್ಲಿಸಿದವು. ಅಂಗಳದ ತುಂಬ ಪುಕ್ಕ. ಪಂಜರ ಎತ್ತಿದರೆ ಪುಕ್ಕ. ಗುಡಿಸಿದರೆ ಪುಕ್ಕ, ಗುಡಿಸಿ ತಿರುಗಿದರೆ ಮತ್ತೆ ಪುಕ್ಕ.

ವರ್ಷಕ್ಕೊಮ್ಮೆ ಹಳೇ ಪುಕ್ಕ ಬಿಟ್ಟು ಹೊಸದು ತೊಡುವುದು ಕೋಳಿಗೆ ದೇವರು ಇಟ್ಟ ಧರ್ಮ. ಅದಾದರೆ ಚಿಂತೆಯಿಲ್ಲ. ಹಾಗಲ್ಲದೆ ಮೈಗೆ ಹೇನೋ ಉಣ್ಣೆಯೋ ಹತ್ತಿದ್ದರೆ, ರಕ್ತ ಹೀರಿ ಕೋಳಿಯನ್ನೇ ಮುಗಿಸಿಬಿಡುತ್ತವೆ. ಯಾವುದು ಎಂದು ಕಣ್ಣಿದ್ದವರು ಪುಕ್ಕ ಎತ್ತಿ ನೋಡಿ ಹೇಳಬೇಕು. ಹೊನ್ನಾಜಮ್ಮನ ಎರಡು ಕಣ್ಣಿಗೂ ಪೊರೆ ಕವಿದಿತ್ತು. ಮನೆಯಲ್ಲಿ ಕಣ್ಣಿದ್ದವನು ಮಾಯಿಗ!

"ಮಾಯಿಗಾ, ಉಣ್ಣೆ ಅದಾ ನೋಡ್ಲಾ ಮಗ."

ಹೋದ. ನೋಡಿದ. ಬಂದ.

"ಅದೆ ಕಣವ್ವ."

"ಅಯ್ಯೋ ಶಿವನೇ! ಎಷ್ಟದೆ?"

"ಬೇಕಾದಷ್ಟದೆ. ಕರೀದೂ ಅದೆ, ಬಿಳೀದೂ ಅದೆ."

"ಬಿಳೀದು ಬೇರೆಯಾ! ಕೆಟ್ಟೆನಲ್ಲಪ್ಪಾ! ಒಲೆಬೂದಿ ತಗೊಂಡು ಚೆನ್ನಾಗಿ ತಿಕ್ಕು. ಆಮೇಲೆ ಬೇವಿನಸೊಪ್ಪಿನ ಹೊಗೆ ಹಾಕು. ಒಂದೂ ಉಳೀಬಾರದು!"

ಮಾಯಿಗ ತಿಕ್ಕಿದ. ಹೊಗೆ ಹಾಕಿದ. ಹೊನ್ನಾಜಮ್ಮನಿಗೆ ಕೆಮ್ಮು ಬರುವ ಹಾಗೆ ಮನೆಯೊಳಗಿಂದ ಹೊಗೆ ನುಗ್ಗಿತು.

"ಒಳಗ್ಯಾಕ್ಲಾ ಹೊಗೆ? ಕೋಳಿ ಅಂಗಳದಲ್ಲಿ ಅವೆ!"

"ಉಣ್ಣೆ ಒಳಗೇ ಅದೆಯಲ್ಲವ್ವ, ಅಟ್ಟದ ಮ್ಯಾಲಿನ ಕಂಬಳೀಲಿ! ಈಗ ನೋಡು, ಒಂದೆಳೆ ಉಳಿದಿಲ್ಲ."

ಬಾಣಂತಿ ಹೊದೆಯಲಿ ಎಂದು ಎತ್ತಿಟ್ಟಿದ್ದ ಹೊಸ ಕಂಬಳಿ. ತಿಕ್ಕಿ ತಿಕ್ಕಿ ಜರಡಿಯಾಗಿತ್ತು, ಕಿಡಿ ಹಾರಿ ಅಂಚೆಲ್ಲ ಕರಕಾಗಿತ್ತು. ಹೊನ್ನಾಜಮ್ಮ ಹಣೆ ಚಚ್ಚಿಕೊಂಡಳು.

"ಮೂದೇವಿ! ಕುರಿ ಉಣ್ಣೆ ಅಲ್ಲ ಕಣ್ಲಾ, ಹುಳ, ಹುಳ! ಅದಕ್ಕೆ ಕಾಲಿರ್ತದೆ, ಹಿಡಿಯಕ್ಕೆ ಹೋದರೆ ಓಡ್ತದೆ. ಕೋಳಿ ರೆಕ್ಕೆ ಎತ್ತಿ ನೋಡು. ಕಾಲಿರೋದು, ಓಡೋದು ಕಂಡರೆ ಹಿಡಕೊಂಡು ಹೋಗಿ ಹಳ್ಳದಾಚೆ ಎಸೆದು ಬಾ!"

"ಹಂಗೇ ಆಗಲಿ ಕಣವ್ವ."

ಮಾರನೆಯ ದಿನ ಮಾಯಿಗ ಚುಕ್ಕೆಕೋಳಿಯ ಹತ್ತಿರ ಹೋದ. ರೆಕ್ಕೆ ಎತ್ತಿದ. ಕಾಲು ಕಂಡವು, ಎರಡು! ಹಿಡಿಯಲು ಹೋದ. ಓಡಿತು! ಬೇಲಿ ಸುತ್ತ ಮೂರು ಸುತ್ತು ಅಟ್ಟಿ ಹಿಡಿದ, ಹಳ್ಳದಾಚೆಗೆ ಎಸೆದ, ಕೈ ತೊಳೆದುಕೊಂಡು ಬಂದ.

"ಅವ್ವಾ, ಹುಳ ಎಸೆದು ಬಂದೆ."

"ನನ್ನಪ್ಪನೇ! ಎಷ್ಟಿದ್ದವು?"

"ಒಂದೇಯ."

"ಒಂದೇ ಆದರೆ ಬದುಕಿದೆವು ಬಿಡು."

"ಒಂದಾದರೂ ದಪ್ಪಗಿತ್ತು ಕಣವ್ವ. ದಾರಿ ಉದ್ದಕ್ಕೂ ಕೂಗ್ತಾ ಇತ್ತು."

"ಹುಳ ಕೂಗ್ತದೇನ್ಲಾ!"

"ಕೊಕ್ಕೊಕ್ಕೋ ಅಂತ ಕೂಗ್ತು."

ಹೊನ್ನಾಜಮ್ಮ ಬಿದ್ದಂಬೀಳ ಹಳ್ಳಕ್ಕೆ ಓಡಿದಳು. ತಡಕಿದಳು, ಕರೆದಳು, ಬಾ ಬಾ ಬಾ ಎಂದಳು. ಚುಕ್ಕೆಕೋಳಿ ಬರಲಿಲ್ಲ. ಯಾವ ಮುಂಗುಸಿಯ ಪಾಲಾಯಿತೋ ದೇವರೇ ಬಲ್ಲ.

"ದಿನಾ ಮೊಟ್ಟೆ ಇಡ್ತಿದ್ದ ಕೋಳಿ! ನನ್ನ ಮಗಳಿಗೆ ಏನಿಕ್ಕಲಿ ನಾನು?" ಎಂದು ಹಳ್ಳದ ದಡದಲ್ಲೇ ಅತ್ತಳು. ಅತ್ತು ಮುಗಿದ ಮೇಲೆ ಬೈದಳು. ಬೈದು ಮುಗಿದ ಮೇಲೆ, ಹೆತ್ತ ಕರುಳಲ್ಲವೆ, ಬುದ್ಧಿ ಹೇಳಿದಳು.

"ಇನ್ನು ಕೋಳಿ ಎತ್ತಕೊಂಡು ಹೋದೀಯೆ, ಜೋಕೆ! ದೂರ ನಿಂತು ನೋಡು. ಸುಮ್ಮನೆ ಕೂತಿದ್ದರೆ ಅದರ ಪಾಡಿಗೆ ಅದು ಪುಕ್ಕ ಬಿಡ್ತಾ ಅದೆ ಅಂತ. ಮೈ ಕೆರಕೊಳ್ತಾ ಇದ್ದರೆ ಹೇನು ಅಂತ. ಮೈ ಕೆರಕೊಳ್ಳೋದು ಕಣ್ಣಿಗೆ ಬಿದ್ದರೆ ಹಿಂದಿನಿಂದ ಮೆಲ್ಲಗೆ ಹೋಗಿ ಬೇವಿನೆಣ್ಣೆ ಹಚ್ಚಿಬಿಡು. ಒದರಾಡಿದರೂ ಬಿಡಬ್ಯಾಡ!"

"ಹಂಗೇ ಆಗಲಿ ಕಣವ್ವ."

ಮಾಯಿಗ ಎಣ್ಣೆ ಕುಡಿಕೆ ಹಿಡಿದು ಬೇಲಿ ಮಗ್ಗುಲಲ್ಲಿ ಕೂತ. ಕೋಳಿಗಳು ಬಿಸಿಲಿಗೆ ಮೈಚೆಲ್ಲಿ ತೂಕಡಿಸಿದವು. ಒಂದೂ ಕೆರೆದುಕೊಳ್ಳಲಿಲ್ಲ. ಅಷ್ಟು ಹೊತ್ತಿಗೆ ಪೂಜಾರಿ ಕಾಳಯ್ಯನವರು ಮಿಂದು, ಮಡಿಯುಟ್ಟು, ತಲೆಯ ಮೇಲೆ ಬಿಂದಿಗೆ ಹೊತ್ತು ಗುಡಿಗೆ ಹೊರಟಿದ್ದರು. ಬರಿಮೈ, ಬೆನ್ನಿಗೆ ನವೆ. ನಿಂತರು. ಒಂದು ಕೈಯಲ್ಲಿ ಬಿಂದಿಗೆ ಹಿಡಿದು ಇನ್ನೊಂದು ಕೈಯಲ್ಲಿ ಬೆನ್ನು ಕೆರೆದುಕೊಂಡರು.

ಮಾಯಿಗ ಹಿಂದಿನಿಂದ ಮೆಲ್ಲಗೆ ಹೋದ. ಕುಡಿಕೆ ಬಗ್ಗಿಸಿದ!

"ಯಾರ್ಲಾ ಅವನು! ಬಿಡ್ಲಾ!"

"ಅಲ್ಲಾಡಬ್ಯಾಡಿ ಪೂಜಾರಪ್ಪ, ಹೇನು!"

"ಯಾರಿಗ್ಲಾ ಹೇನು!"

"ನಿಮಗೇಯ. ಒದರಾಡಿದರೂ ಬಿಡಬ್ಯಾಡ ಅಂದವಳೆ ನಮ್ಮವ್ವ."

ಬಿಂದಿಗೆ ಬಿತ್ತು. ಮಡಿ ಕೆಟ್ಟಿತು. ಕಾಳಯ್ಯನವರು ಸೀಗೆಪುಡಿ ಹಚ್ಚಿ ಮೂರು ಸಲ ಮಿಂದರೂ ನಾತ ಹೋಗಲಿಲ್ಲ. ನೇರ ಹೊನ್ನಾಜಮ್ಮನ ಬಾಗಿಲಿಗೆ ಬಂದರು.

"ಹೊನ್ನಾಜಮ್ಮ, ನಿನ್ನ ಮಗನಿಂದ ಇವತ್ತು ನನಗೂ ಉಪವಾಸ, ದೇವರಿಗೂ ಉಪವಾಸ!"

ಅವರ ಕಾಲಿಗೆ ಬಿದ್ದು ತಪ್ಪುಗಾಣಿಕೆ ಒಪ್ಪಿಕೊಂಡು ಹೊನ್ನಾಜಮ್ಮ ಕಳಿಸಿಕೊಟ್ಟಳು. ಜಗುಲಿಯ ಮೇಲೆ ಬಂದು ಕೂತಳು. ಕಾಳು ಸಿಕ್ಕೀತು ಎಂದು ಕೆಂಚಿಕೋಳಿ ಬಂದು ಅವಳ ಮಡಿಲು ಕುಕ್ಕಿತು. ಅವಳು ಸುಮ್ಮನೆ ಅದರ ಕುತ್ತಿಗೆ ಸವರಿದಳು. ಬೆರಳಿಗೆ ಏನೋ ಚುಚ್ಚಿತು. ಮತ್ತೆ ಸವರಿದಳು. ಮೊನೆ! ಸೂಜಿಮೊನೆಯ ಹಾಗೆ ಒತ್ತೊತ್ತಾಗಿ ಹೊಸ ಪುಕ್ಕದ ಮೊಳಕೆ!

"ಶಿವನೇ ನನ್ನಪ್ಪ! ಇದು ಹೇನಲ್ಲ, ಉಣ್ಣೆಯಲ್ಲ. ಬರೀ ಪುಕ್ಕ ಬಿಟ್ಟದೆ! ಕಣ್ಣಿಲ್ಲದಿದ್ದರೂ ಬೆರಳಿದ್ದವಲ್ಲ, ಮೊದಲೇ ಯಾಕೆ ಹೊಳೀಲಿಲ್ಲ ನನಗೆ?"

ಅಲ್ಲಿಗೆ ಸುಮ್ಮನಿದ್ದಿದ್ದರೆ ಕತೆ ಮುಗಿಯುತ್ತಿತ್ತು. ಸಂತೋಷದಲ್ಲಿ ಮಗನನ್ನು ಕರೆದಳು.

"ಬಾ ಮಗ, ನೀನೂ ಕಲ್ತುಕೋ. ಹಿಂಗೆ ಕುತ್ತಿಗೆ ಸವರಬೇಕು. ಚುಚ್ಚೋ ಮೊನೆ ಸಿಕ್ಕಿದರೆ ಕಾಲ ಬಂದದೆ ಅಂತ. ಅದನ್ನ ಮನೇಲಿ ಬೆಚ್ಚಗಿಟ್ಟು ಹೊಟ್ಟೆ ತುಂಬ ಇಕ್ಕಬೇಕು. ನುಣ್ಣಗಿದ್ದರೆ ಇನ್ನೂ ಕಾಲ ಬಂದಿಲ್ಲ. ಇದ್ದಲ್ಲೇ ಬಿಟ್ಟುಬಿಡಬೇಕು. ತಿಳೀತಾ?"

"ಚೆನ್ನಾಗಿ ತಿಳೀತು ಕಣವ್ವ!"

ಉಳಿದ ಮೂರು ಕೋಳಿಗೂ ಕಡಲೆಹಿಂಡಿ ಹಾಕಿದಳು. ಮೈತುಂಬ ಮಿರಿಮಿರಿ ಪುಕ್ಕ ಬಂತು. ಕೆಂಚಿಕೋಳಿ ಮತ್ತೆ ಮೊಟ್ಟೆ ಇಟ್ಟ ದಿನ ಹೊನ್ನಾಜಮ್ಮ ಗುಡಿಯಲ್ಲಿ ಕಾಯಿ ಒಡೆಸಿದಳು. ಜೋಯಿಸರನ್ನು ಕೇಳಿ ಒಳ್ಳೆಯ ದಿನ ನೋಡಿದಳು. ಬಾಡಿಗೆಗೆ ಗಾಡಿ ತಂದು ಮೆತ್ತಗೆ ಹುಲ್ಲು ಹಾಸಿದಳು.

"ಮಾಯಿಗಾ, ತಂಗಿ ಊರಿಗೆ ಹೋಗು. ಕಾಲ ಹತ್ರ ಬಂದದೆ, ತಡ ಮಾಡಬ್ಯಾಡ. ಜೋಪಾನವಾಗಿ ಗಾಡೀಲಿ ಕೂರಿಸಿಕೊಂಡು ಬಾ."

"ಕಾಲ ಬಂದದಾ ಇಲ್ಲವಾ ನೋಡೋದು ನಂಗೆ ಗೊತ್ತಿಲ್ಲವಾ ಅವ್ವ!" ಎಂದು ಮಾಯಿಗ ಗಾಡಿ ಹೊಡೆದ.

ಚಿಕ್ಕತಾಯಿ ಗಂಟು ಕಟ್ಟಿಕೊಂಡು ಬಾಗಿಲಲ್ಲೇ ಕಾಯುತ್ತಿದ್ದಳು. ಮಾಯಿಗ ಹೋದವನೇ ಅವಳ ಕುತ್ತಿಗೆ ಸವರಿದ.

"ಏನಣ್ಣ ಇದು! ಕಚಗುಳಿ!"

"ನುಣ್ಣಗದೆ. ನಿನಗಿನ್ನೂ ಕಾಲ ಬಂದಿಲ್ಲ ಕಣವ್ವ, ಇಲ್ಲೇ ಇರು."

ಅಷ್ಟರಲ್ಲಿ ಅವಳ ಮಾವ ಬೋರಲಿಂಗೇಗೌಡರು ಹೊರಗೆ ಬಂದರು. ಕ್ಷೌರವಾಗಿ ಎಂಟು ದಿನವಾಗಿತ್ತು. ಮಾಯಿಗ ಅವರ ಗಂಟಲ ಕೆಳಗೆ ಬೆರಳಾಡಿಸಿದ. ಚುಚ್ಚಿತು!

"ಬಂದದೆ! ಕಾಲ ಬಂದುಬಿಟ್ಟದೆ! ಗಾಡಿ ಹತ್ತಿ ಮಾವ!"

"ಕಾಲ ಬಂತಾ? ಯಾರಿಗ್ಲಾ? ನಿಮ್ಮವ್ವಂಗಾ?"

"ಅವ್ವನೇ ಹೇಳಿ ಕಳಿಸವಳೆ. ಕಾಲ ಹತ್ರ ಬಂದದೆ, ತಡ ಮಾಡಬ್ಯಾಡ ಅಂತ."

ಗೌಡರು ತಲೆ ಮೇಲೆ ಕೈ ಹೊತ್ತರು. "ಅಯ್ಯೋ ಪಾಪ, ಬೀಗಿತ್ತಿಗೆ ಹಿಂಗಾಗಬಾರದಾಗಿತ್ತು! ಚಿಕ್ಕತಾಯಿ, ನೀನು ಬಸುರಿ, ಅಂಥ ಕಡೆ ಬರಬಾರದು. ನಾನು ಹೋಗಿ ಬರ್ತೀನಿ" ಎಂದು ಹೆಗಲಿಗೆ ವಸ್ತ್ರ ಎಳೆದುಕೊಂಡು ಹುಲ್ಲಿನ ಮೇಲೆ ಕೂತರು.

ಹೊತ್ತು ಇಳಿಯುವಾಗ ಗಾಡಿ ಊರು ಸೇರಿತು. ಎತ್ತಿನ ಗೆಜ್ಜೆ ಕೇಳಿ ಹೊನ್ನಾಜಮ್ಮ ಓಕುಳಿ ನೀರಿನ ತಟ್ಟೆ ಹಿಡಿದು ಬಾಗಿಲಿಗೆ ಬಂದಳು. ಕಣ್ಣು ಕಾಣದು, ಮನಸ್ಸು ತಡೆಯದು. ಗಾಡಿಯಲ್ಲಿ ಕೂತವರಿಗೆ ಮೂರು ಸುತ್ತು ನಿವಾಳಿಸಿದಳು. "ಬಂದೆಯಾ ನನ್ನ ಕಂದ, ಸೊರಗಿದೆಯಲ್ಲೇ" ಎಂದು ಎರಡು ಕೈಯಲ್ಲೂ ಕೆನ್ನೆ ಸವರಿದಳು.

ಚುಚ್ಚಿತು.

"ಅಯ್ಯಯ್ಯೋ!" ಎಂದು ಅವಳು ಕಿರುಚಿದಳು. ಇಷ್ಟು ಹೊತ್ತಿಗೆ ಸತ್ತಿರಬೇಕು ಎಂದುಕೊಂಡಿದ್ದ ಬೀಗಿತ್ತಿ ಎದ್ದು ಬಂದು ಕೆನ್ನೆ ಹಿಡಿದರೆ ಗೌಡರು ಬಿಟ್ಟಾರೆಯೆ? ಅವರೂ ಕಿರುಚಿದರು.

"ಬೀಗರೇ! ನೀವ್ಯಾಕೆ ಬಂದಿರಿ? ನನ್ನ ಮಗಳೆಲ್ಲಿ?"

"ನೀವು ಬದುಕಿದ್ದೀರಾ ತಾಯಿ! ಅವಳು ಅಲ್ಲೇ ಅವಳೆ. ನಾನು ಗಾಡಿ ಹತ್ತುವಾಗಲೇ ಸೊಂಟ ನೋವು ಅಂತಿದ್ದಳು."

"ಅಯ್ಯೋ, ನನ್ನ ಕೂಸು ನಾನಿಲ್ಲದೆ ಹೆರ್ತದಲ್ಲಪ್ಪೋ!" ತಟ್ಟೆ ಕೈಜಾರಿತು. ಹೊನ್ನಾಜಮ್ಮ ಹೊಸ್ತಿಲ ಮೇಲೆ ಕೂತಳು. ಈ ಸಲ ಬೈಯಲಿಲ್ಲ. ಬುದ್ಧಿಯನ್ನೂ ಹೇಳಲಿಲ್ಲ. ಕಣ್ಣಲ್ಲಿ ನೀರು ಮಾತ್ರ ಇಳಿಯುತ್ತಿತ್ತು.

ಮಾಯಿಗ ಬೀಗರನ್ನು ಮೆಲ್ಲಗೆ ಕೈಹಿಡಿದು ಇಳಿಸಿದ. ಬಾಣಂತಿಯ ಕೋಣೆಗೆ ಕರೆದೊಯ್ದು, ಚಾಪೆ ಹಾಸಿ ಮಲಗಿಸಿ, ಅರೆಸುಟ್ಟ ಕಂಬಳಿ ಹೊದಿಸಿದ. ಬಾಗಿಲಿಗೆ ಬಂದು ಕೂಗಿದ:

"ಅವ್ವಾ, ಬೆಚ್ಚಗಿಟ್ಟಿವ್ನಿ. ಕಡಲೆಹಿಂಡಿ ಎಲ್ಲಿ ಮಡಗಿದ್ದೀಯೆ?"

ಅತ್ತೆ ಇಲ್ಲಿಗೆ ನಿಲ್ಲಿಸಿ, ಸೆರಗಿನಲ್ಲಿ ಮುಖ ಒರೆಸಿಕೊಂಡು, ಒಪ್ಪೊತ್ತಿನ ಅಡಿಗೆಗೆ ಏಳುತ್ತಿದ್ದರು. ಕೇಳಿದವರಲ್ಲಿ ನನ್ನದೊಂದು ಬೇಡಿಕೆ. ನಿಮ್ಮ ಮನೆಯ ಮಕ್ಕಳು ಹಸಿದು ಕೂತ ಹೊತ್ತಿನಲ್ಲಿ ಇದನ್ನು ಅವರಿಗೂ ಹೇಳಿ. ಹೇಳುವಾಗ ಮಂಚಮ್ಮನವರ ಹೆಸರು ಬಿಡಬೇಡಿ.