ಹರಿವಾಣದಲ್ಲೇ ಬಾಡಿದ ವೀಳ್ಯ

"ಗುರುಗಳೇ, ವೀರನಾದವನು ಶತ್ರುವಿನ ಎದುರು ಒಬ್ಬನೇ ಹೋಗಬೇಕೋ, ನಾಲ್ಕು ಜನರನ್ನು ಜೊತೆಗೆ ಕರೆದುಕೊಂಡು ಹೋಗಬೇಕೋ?"

ಕೇಳಿದವನು ಕೇತಯ್ಯ. ಚಿಕ್ಕ ವಯಸ್ಸಿಗೇ ಒಂದು ಊರಿನ ಒಡೆಯನಾಗಿದ್ದ. ದನಗಳ್ಳರ ತಂಡವೊಂದು ಅವನ ಊರಿನ ದನಗಳನ್ನೆಲ್ಲ ಅಟ್ಟಿಕೊಂಡು ಹೋಗಿ ಹೊಳೆಯಾಚೆ ಬೀಡುಬಿಟ್ಟಿತ್ತು. ನಾಳೆ ತಾನೊಬ್ಬನೇ ಹೊಳೆ ದಾಟಿ ಅವರ ಮುಖಂಡನನ್ನು ಎದುರಿಸುವುದಾಗಿ ಕೇತಯ್ಯ ಊರೆದುರು ಮಾತು ಕೊಟ್ಟಿದ್ದ. ಗೆದ್ದರೆ ದನ ಮನೆಗೆ ಬರುತ್ತವೆ, ಸತ್ತರೆ ತನ್ನ ಹೆಸರಿನಲ್ಲಿ ವೀರಗಲ್ಲು ನಿಲ್ಲುತ್ತದೆ ಎಂಬುದು ಅವನ ಎಣಿಕೆ. ಆಶೀರ್ವಾದ ಬೇಡಲು ಬೆಳಗ್ಗೆಯೇ ಮಠಕ್ಕೆ ಬಂದಿದ್ದ. ಜೊತೆಗೆ ಬಂದ ತನ್ನವರಿಗೆ ಬಾಗಿಲ ಹೊರಗಿನ ಮರದ ನೆರಳು ತೋರಿಸಿ, "ಇಲ್ಲೇ ನಿಂತಿರಿ" ಎಂದು ಹೇಳಿ ಒಳಗೆ ಕಾಲಿಟ್ಟಿದ್ದ.

ಗುರುಗಳು ದೀಪಕ್ಕೆ ಬತ್ತಿ ಹೊಸೆಯುತ್ತಿದ್ದರು. ತಲೆ ಎತ್ತಲಿಲ್ಲ.

"ಉತ್ತರವನ್ನು ಮನೆಯಲ್ಲೇ ಕಟ್ಟಿಕೊಂಡು ಬಂದು ಪ್ರಶ್ನೆ ಕೇಳುತ್ತೀಯಲ್ಲ, ಭಲೇ! ಇರಲಿ, ಕೂತುಕೋ. ಒಂದು ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ" ಎಂದರು. ಆಮೇಲೆ ಹೇಳತೊಡಗಿದರು.

ಒಂದು ಊರು. ಆ ಊರಿನ ಹೊಳೆಗೆ ಒಂದು ಮೊಸಳೆ ಬಂದು ಸೇರಿಕೊಂಡಿತು. ನೀರಿಗೆ ಹೋದವರು ತಿರುಗಿ ಬರಲಿಲ್ಲ. ಹಿರಿಯರು ಚಾವಡಿಯಲ್ಲಿ ಎಲ್ಲರನ್ನೂ ಸೇರಿಸಿ ಹರಿವಾಣದಲ್ಲಿ ವೀಳ್ಯ ಇಟ್ಟರು. ಪದ್ಧತಿ ನಿನಗೂ ಗೊತ್ತು. ವೀಳ್ಯ ಎತ್ತಿದವನದು ಆ ಕೆಲಸ, ಎತ್ತಿದ ಮೇಲೆ ಹಿಂದೆ ಸರಿಯುವ ಮಾತೇ ಇಲ್ಲ. ಊರಿನವರು ಒಬ್ಬರ ಮುಖ ಒಬ್ಬರು ನೋಡಿದರು. ಪರವೂರಿನಿಂದ ಬಂದಿದ್ದ ಯುವಕನೊಬ್ಬ ಎದ್ದು ಬಂದು ವೀಳ್ಯ ಎತ್ತಿದ. ಕತ್ತಿಯನ್ನು ದಡದಲ್ಲಿಟ್ಟು ಬರಿಗೈಯಲ್ಲಿ ಹೊಳೆಗೆ ಇಳಿದ. ಸಂಜೆಗೆ ಮೊಸಳೆಯ ಹೆಣ ತೇಲಿತು. ಊರು ಅವನನ್ನು ಹೆಗಲ ಮೇಲೆ ಹೊತ್ತು ಕುಣಿಯಿತು, ತನ್ನ ನಾಯಕನನ್ನಾಗಿ ಮಾಡಿಕೊಂಡಿತು. ತಪ್ಪೇನು? ಎಂಟೆದೆಯ ಬಂಟ ಅವನು, ಅವನಿಗಲ್ಲದೆ ಇನ್ನಾರಿಗೆ ಪಟ್ಟ ಕಟ್ಟಬೇಕಿತ್ತು?

ಅಲ್ಲಿಂದ ಮುಂದೆ ಊರಿಗೆ ಏನೇ ಕೇಡು ಬರಲಿ, ವೀಳ್ಯ ಎತ್ತುವವನು ನಾಯಕನೇ. ಕಾಡಾನೆ ಬಂತು, ಎತ್ತಿದ. ಕಳ್ಳರು ಬಂದರು, ಎತ್ತಿದ. ಪ್ರತಿ ಸಲವೂ ತನ್ನವರನ್ನು ದೂರದಲ್ಲಿ ನಿಲ್ಲಿಸುತ್ತಿದ್ದ. "ಇದು ನಿಮ್ಮ ಕೈಲಾಗುವ ಕೆಲಸವಲ್ಲ, ಇಲ್ಲೇ ನಿಲ್ಲಿ" ಎನ್ನುತ್ತಿದ್ದ. ಅವನು ಗೆಲ್ಲುತ್ತಿದ್ದ, ಅವರು ನಗಾರಿ ಬಾರಿಸುತ್ತಿದ್ದರು. ಆಮೇಲೆ ಚಾವಡಿಯಲ್ಲಿ ಊಟ, ಮೊಸಳೆಯ ಹಾಡು. ಜಿಪುಣನಲ್ಲ ಪುಣ್ಯಾತ್ಮ. ತನ್ನವರಿಗೆ ಹೊಟ್ಟೆತುಂಬ ಉಣ್ಣಿಸಿದ, ಕೈತುಂಬ ಚಿನ್ನದ ಕಡಗ ಕೊಟ್ಟ, ಒಳ್ಳೊಳ್ಳೆಯ ಕತ್ತಿ ಕೊಟ್ಟ. ಯಾರಿಗೂ ಕೊಡದೆ ತನಗೇ ಇಟ್ಟುಕೊಂಡದ್ದು ಆ ವೀಳ್ಯ ಒಂದನ್ನೇ.

ಒಮ್ಮೆ ಅವನ ತಂಗಿಯ ಮಗ ಹರಿವಾಣಕ್ಕೆ ಕೈ ಚಾಚಿದ. ತಾಯಿ ಸತ್ತ ಮೇಲೆ ಸೋದರಮಾವನ ಮನೆಯಲ್ಲೇ ಬೆಳೆದವನು, ಆಗಷ್ಟೇ ಮದುವೆಯಾಗಿತ್ತು. ನಾಯಕ ಅವನ ಕೈಯನ್ನು ಪಕ್ಕಕ್ಕೆ ಸರಿಸಿ ವೀಳ್ಯವನ್ನು ತಾನೇ ಬಾಯಿಗೆ ಹಾಕಿಕೊಂಡ. "ಮೊದಲು ಹೆಂಡತಿಯ ಎದುರು ನಿಲ್ಲುವುದನ್ನು ಕಲಿಯಪ್ಪ, ಆಮೇಲೆ ಶತ್ರುವಿನ ಎದುರು ನಿಲ್ಲುವೆಯಂತೆ" ಎಂದ. ಚಾವಡಿಯೆಲ್ಲ ಗೊಳ್ಳೆಂದು ನಕ್ಕಿತು. ಪ್ರೀತಿಯಿಂದಲೇ ಆಡಿದ ಮಾತು, ಇಲ್ಲವೆನ್ನುವುದಿಲ್ಲ. ಅಂದಿನಿಂದ ಆ ಊರಿನಲ್ಲಿ ಬೇರೆ ಯಾರೂ ವೀಳ್ಯದ ಕಡೆ ಕೈ ಚಾಚಲಿಲ್ಲ. ನಗೆಪಾಟಲಾಗಲು ಯಾರಿಗೆ ಬೇಕು ಹೇಳು?

ಕೇತಯ್ಯ ಮುಗುಳ್ನಕ್ಕ. ಕೆಲದಿನಗಳ ಹಿಂದೆ ತನ್ನ ತಮ್ಮನಿಗೂ ಅವನು ಇಂಥದೇ ಒಂದು ಮಾತು ಹೇಳಿ ಎಲ್ಲರನ್ನೂ ನಗಿಸಿದ್ದ. ಗುರುಗಳು ಇನ್ನೊಂದು ಬತ್ತಿ ತೆಗೆದುಕೊಂಡರು.

ನಾಯಕನಿಗೆ ವಯಸ್ಸಾಯಿತು. ಮೊಣಕಾಲು ಹಿಡಿದುಕೊಂಡಿತು, ಕಣ್ಣು ಮಂಜಾಯಿತು. ಆಗ ಬಂತು ಹುಲಿ. ಬೆಟ್ಟದ ಗವಿಯಲ್ಲಿ ಸೇರಿಕೊಂಡು ದನ ತಿಂದಿತು, ಆಮೇಲೆ ಮನುಷ್ಯರನ್ನೇ ತಿನ್ನತೊಡಗಿತು. ಹರಿವಾಣ ಇಟ್ಟರು. ಎಲ್ಲರೂ ನಾಯಕನ ಮುಖ ನೋಡಿದರು. ಅವನು ಗೋಡೆ ಹಿಡಿದು ಎದ್ದು ಬಂದು ವೀಳ್ಯ ಎತ್ತಿದ. ಹೌದಪ್ಪ, ಗೋಡೆ ಹಿಡಿದು! ಅದನ್ನು ಕಣ್ಣಾರೆ ಕಂಡವರು ಜಯಕಾರ ಹಾಕಿದರೇ ಹೊರತು, ಬೇಡ ಎನ್ನಲು ಒಬ್ಬನಿಗೂ ನಾಲಗೆ ಬರಲಿಲ್ಲ.

ಗವಿಯ ಕೆಳಗೆ ತನ್ನವರನ್ನು ನಿಲ್ಲಿಸಿ ಒಬ್ಬನೇ ಒಳಗೆ ಹೋದ. ಹುಲಿ ಮೇಲೆ ಬಿತ್ತು. ಈಟಿ ಮುರಿಯಿತು. ಹೆಗಲಿಗೆ ಹಲ್ಲು ಇಳಿಯಿತು. ನಾಯಕ ಪ್ರಾಣ ಹೋಗುವಂತೆ ಅರಚಿದ.

ಅರಚಿದ್ದು ಕೆಳಗೆ ನಿಂತವರಿಗೆ ಕೇಳಿಸಿತು. ಹುಲಿ ಸಾಯುತ್ತಿದೆ ಎಂದು ಅವರು ಹಿಗ್ಗಿದರು. ನಾಯಕ ಅರಚುವುದನ್ನು ಅವರಲ್ಲಿ ಯಾರೂ ಎಂದೂ ಕೇಳಿದವರಲ್ಲ. ತಂಗಿಯ ಮಗ, ಆ ಅಳಿಯ ಮಾತ್ರ ಕೇಳಿದ್ದ. ತನ್ನ ತಾಯಿ ಸತ್ತ ದಿನ ಮಾವ ಕದ ಮುಚ್ಚಿಕೊಂಡು ಹೀಗೆಯೇ ಅರಚಿ ಅತ್ತಿದ್ದ. "ಅದು ಮಾವನ ದನಿ, ಬನ್ನಿ!" ಎಂದು ಕೂಗಿ ಅಳಿಯ ಗವಿಗೆ ನುಗ್ಗಿದ. ಉಳಿದವರು ಕದಲಲಿಲ್ಲ.

ಇಬ್ಬರೂ ಸೇರಿ ಹುಲಿಯನ್ನು ಕೊಂದರು. ಆದರೆ ನಾಯಕನ ಮೈಯಲ್ಲಿ ಜೀವ ನಿಲ್ಲುವಂತಿರಲಿಲ್ಲ. ಅಳಿಯನ ಮೈಯೂ ಬಗಿದುಹೋಗಿತ್ತು.

"ನನ್ನ ಅನ್ನ ಉಂಡವರೆಲ್ಲ ಎಲ್ಲಿ? ಓಡಿಹೋದರೇ?" ಎಂದು ನಾಯಕ ಕೇಳಿದ.

"ಯಾರೂ ಓಡಿಹೋಗಿಲ್ಲ ಮಾವ. ನಿಲ್ಲಿ ಅಂದಿದ್ದಿರಲ್ಲ, ಅಲ್ಲೇ ನಿಂತಿದ್ದಾರೆ" ಎಂದ ಅಳಿಯ.

ನಾಯಕ ಬೆಚ್ಚಿದ. ಓಡಿಹೋದರು ಎಂದಿದ್ದರೆ ಅವರಿಗೆ ಶಾಪ ಹಾಕಿ ನೆಮ್ಮದಿಯಾಗಿ ಸಾಯುತ್ತಿದ್ದ. ಈಗ ಯಾರಿಗೆ ಶಾಪ ಹಾಕುವುದು? ಅಷ್ಟರಲ್ಲಿ ಕೆಳಗಿನಿಂದ ನಗಾರಿ ಕೇಳಿಸಿತು. ಗವಿ ಸದ್ದಿಲ್ಲದಂತಾಗಿತ್ತಲ್ಲ, ನಾಯಕ ಗೆದ್ದ ಎಂದು ಅವರು ಜಯದ ನಗಾರಿ ಬಾರಿಸತೊಡಗಿದ್ದರು. ತನ್ನ ಜಯದ ನಗಾರಿ ಕೇಳುತ್ತ ಕೇಳುತ್ತ ನಾಯಕ ಸತ್ತ. ಬಿಟ್ಟ ಕಣ್ಣು ಬಿಟ್ಟ ಹಾಗೇ ಇತ್ತು. ಅಳಿಯ ಮುಚ್ಚಲು ನೋಡಿದ, ರೆಪ್ಪೆ ಕೂಡಲಿಲ್ಲ.

"ಶಿವಶಿವಾ!" ಎಂದ ಕೇತಯ್ಯ. ಬಾಯಿ ಹಾಕಬಾರದು ಎಂಬುದು ಅವನಿಗೆ ಮರೆತೇಹೋಗಿತ್ತು. ಗುರುಗಳು ಗದರಲಿಲ್ಲ.

ಗಾಯ ಕೀವಾಗಿ ಅಳಿಯನೂ ಉಳಿಯಲಿಲ್ಲ. ಬದುಕಿದ್ದಷ್ಟು ದಿನ ಬಂದವರಿಗೆಲ್ಲ ಗವಿಯಲ್ಲಿ ನಡೆದುದನ್ನೇ ಹೇಳಿದ. ಊರಿನವರು ಎದೆ ಬಡಿದುಕೊಂಡು ಅತ್ತರು, ಆಳೆತ್ತರದ ಕಲ್ಲು ಕಡೆಸಿದರು. ಒಂದು ಕಡೆ ಮೊಸಳೆ, ಒಂದು ಕಡೆ ಹುಲಿ, ನಡುವೆ ನಾಯಕ ಒಬ್ಬನೇ. "ಅಳಿಯನನ್ನು ಎಲ್ಲಿ ಕೆತ್ತಲಿ?" ಎಂದು ಶಿಲ್ಪಿ ಕೇಳಿದ. ಜಾಗವಿಲ್ಲ, ಬಿಟ್ಟುಬಿಡು ಎಂದರು.

ನಾಯಕ ಸತ್ತ ಸುದ್ದಿ ನೆರೆನಾಡಿಗೆ ಮುಟ್ಟಿತು. ಹಳೆಯ ಹಗೆಗಳು ಪಡೆ ಕಟ್ಟಿಕೊಂಡು ಬಂದರು. ಚಾವಡಿಯಲ್ಲಿ ಹರಿವಾಣ ಇಟ್ಟರು. ಗಂಡಸರೆಲ್ಲ ಸೇರಿದ್ದರು. ಹೇಡಿಗಳಲ್ಲ ಕೇತಯ್ಯ, ಗಟ್ಟಿಮುಟ್ಟಾದ ಆಳುಗಳು, ಸೊಂಟದಲ್ಲಿ ನಾಯಕ ಕೊಟ್ಟ ಕತ್ತಿ. ಎಲ್ಲರೂ ನಾಯಕನ ಬರಿದಾದ ಪೀಠದ ಕಡೆ ನೋಡುತ್ತ ಕೂತರು. "ಯಾರಾದರೂ ಎತ್ತಿರೋ, ನಿಮ್ಮ ದಮ್ಮಯ್ಯ!" ಎಂದು ಅಳಿಯನ ಹೆಂಡತಿ ಗೋಗರೆದಳು. ಕೈಗಳು ತೊಡೆ ಬಿಟ್ಟು ಮೇಲೇಳಲಿಲ್ಲ. ಕಡೆಗೆ ಅವಳೇ ಎತ್ತಲು ಮುಂದೆ ಬಂದಳು. ಅಷ್ಟು ಹೊತ್ತಿಗೆ ವೀಳ್ಯ ಹರಿವಾಣದಲ್ಲೇ ಬಾಡಿತ್ತು, ಊರ ಬಾಗಿಲಿಗೆ ಬೆಂಕಿ ಬಿದ್ದಿತ್ತು.

ಗುರುಗಳು ಬತ್ತಿಗಳನ್ನು ಒಟ್ಟುಮಾಡಿ ಪಕ್ಕಕ್ಕಿಟ್ಟರು. "ಈಗ ಅಲ್ಲಿ ಕಲ್ಲು ಮಾತ್ರ ಇದೆ. ಊರಿಲ್ಲ."

ಕೇತಯ್ಯನಿಗೆ ಆ ಕಲ್ಲು ಗೊತ್ತಿತ್ತು. ಮಠದ ದಾರಿಯ ಬಯಲಿನಲ್ಲಿ ಅಂಥ ಒಂದು ಕಲ್ಲಿತ್ತು. ಮೊಸಳೆ, ಹುಲಿ, ನಡುವೆ ಒಬ್ಬ. ಆ ಕಲ್ಲಿಗೆ ಕೈ ಮುಗಿಯದೆ ಅವನು ಮುಂದೆ ಹೋದವನೇ ಅಲ್ಲ. ಇಂದು ಬೆಳಗ್ಗೆಯೂ ಅದರ ಮುಂದೆ ನಿಂತು, ನನಗೂ ಇಂಥದೇ ಕಲ್ಲು ಸಿಗಲಿ ಎಂದು ಬೇಡಿಕೊಂಡಿದ್ದ. ಸುತ್ತ ಒಂದು ಮನೆಯೂ ಇಲ್ಲದ ಬಯಲಿನಲ್ಲಿ ಆ ಕಲ್ಲನ್ನು ಯಾಕೆ ನಿಲ್ಲಿಸಿದರು ಎಂದು ಅವನು ಒಮ್ಮೆಯೂ ಯೋಚಿಸಿರಲಿಲ್ಲ.

ಆದರೂ ಅವನಿಗೆ ಸೋಲೊಪ್ಪಲು ಮನಸ್ಸಾಗಲಿಲ್ಲ.

"ನನ್ನವರು ಹಾಗಲ್ಲ ಗುರುಗಳೇ. ಅವರೇ ಯೋಚಿಸಿ ಅವರೇ ಹೆಜ್ಜೆ ಇಡುವವರು. ನಾನಿಲ್ಲದಿದ್ದರೂ ಊರನ್ನು ಕಾಯುತ್ತಾರೆ" ಎಂದ.

ಗುರುಗಳು ಮೊದಲ ಸಲ ತಲೆ ಎತ್ತಿದರು. ಅವನನ್ನು ನೋಡಲಿಲ್ಲ. ಬಾಗಿಲಾಚೆ ಉರಿಯುವ ನಡುಹಗಲನ್ನು ನೋಡಿದರು.

"ಹಾಗಾದರೆ ಕೇತಯ್ಯ, ಮರದ ನೆರಳು ಪಕ್ಕಕ್ಕೆ ಸರಿದು ಎಷ್ಟೋ ಹೊತ್ತಾಯಿತು, ನಿನ್ನವರು ಯಾಕೆ ಇನ್ನೂ ಬಿಸಿಲಿನಲ್ಲೇ ನಿಂತಿದ್ದಾರೆ?"

ಕೇತಯ್ಯ ತಿರುಗಿ ನೋಡಿದ.